ಹಡಗು ಹತ್ತುವ ಮುನ್ನ ಮುಂಬಯಿಯಲ್ಲಿ ಒಂದು ರಾತ್ರಿ

ಹಡಗಿನ ವಿಹಾರವೆಂದರೆ ಶ್ರೀಮಂತರಿಗೆ ಮಾತ್ರ ಎಂಬ ಭಾವನೆ ನಮ್ಮ ಕರಾವಳಿಯಲ್ಲಿ ಈಗ ಮೊದಲಿನಂತೆ ಉಳಿದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೆಲಿಯಾ ಸಂಸ್ಥೆಯ ಪ್ರವಾಸಿ ಹಡಗು ಮುಂಬಯಿಯಿಂದ ಯಾನ ಆರಂಭಿಸಿದ ನಂತರ, ವಿವಾಹದ ಬೆಳ್ಳಿಹಬ್ಬ ಅಥವಾ ಸುವರ್ಣೋತ್ಸವದ ನೆನಪಿಗಾಗಿ ಹೆತ್ತವರನ್ನು ಹಡಗಿನಲ್ಲಿ ಕಳುಹಿಸುವ ಮಕ್ಕಳು ನಮ್ಮ ನಡುವೆಯೂ ಇದ್ದಾರೆ. ಇಂತಹ ಟಿಕೇಟು ಮಾಡುವಾಗ ಕೋಣೆಗೆ ಕಿಟಕಿ ಇದೆಯೇ, ಊಟ ಹೇಗಿದೆ ಎಂದೆಲ್ಲ ವಿಚಾರಿಸುವ ನಾವು, ಉಡುಪಿ ಅಥವಾ ಮಂಗಳೂರಿನ ಮನೆಯಿಂದ ಹಡಗಿನ ಬಾಗಿಲಿನ ತನಕ ತಲುಪುವುದು ಹೇಗೆ ಎಂಬುದನ್ನು ಕೊನೆಗೆ ಯೋಚಿಸುತ್ತೇವೆ. ಆದರೆ ಹೆಚ್ಚಿನ ತೊಂದರೆಗಳು ಎದುರಾಗುವುದು ಈ ದಾರಿಯಲ್ಲಿಯೇ. ಆದುದರಿಂದ ಮುಂಬಯಿಯಿಂದ ಹಡಗು ಹತ್ತುವವರು ಪ್ರಯಾಣ ಹಾಗೂ ಹಿಂದಿನ ರಾತ್ರಿಯ ವಸತಿಯನ್ನು ಹೇಗೆ ಯೋಜಿಸಬೇಕೆಂದು ಇಲ್ಲಿ ವಿವರಿಸುತ್ತಿದ್ದೇವೆ.

ಹಡಗು ಕಾಯುವುದಿಲ್ಲ

ಬಸ್ಸು ತಪ್ಪಿದರೆ ಮುಂದಿನ ಬಸ್ಸು ಸಿಗುತ್ತದೆ. ಹಡಗಿನ ವಿಷಯ ಹಾಗಲ್ಲ. ಬಂದರಿನಿಂದ ಹೊರಡಲು ಹಡಗಿಗೆ ನಿಗದಿತ ಸಮಯ ಕೊಡಲಾಗಿರುತ್ತದೆ. ಅದನ್ನು ಬಂದರಿನಿಂದ ಹೊರಗೆ ದಾಟಿಸುವ ಪೈಲಟ್ ಅದೇ ಸಮಯಕ್ಕೆ ಬರುತ್ತಾರೆ. ಪ್ರಯಾಣಿಕರ ಅಂತಿಮ ಪಟ್ಟಿಯನ್ನು ಅದಕ್ಕೂ ಮೊದಲೇ ಮುಚ್ಚಿ ಅಧಿಕಾರಿಗಳಿಗೆ ಒಪ್ಪಿಸಬೇಕಾಗುತ್ತದೆ. ಈ ಕಾರಣದಿಂದ ಟಿಕೇಟಿನಲ್ಲಿ ಸಂಜೆ 5 ಗಂಟೆ ಎಂದಿದ್ದರೆ ಅದು ಹಡಗು ಹೊರಡುವ ಸಮಯವೇ ಹೊರತು ನಾವು ತಲುಪಬೇಕಾದ ಸಮಯವಲ್ಲ. ತಪಾಸಣೆಯ ಕೌಂಟರು ಅದಕ್ಕಿಂತ ಒಂದೂವರೆ ಎರಡು ಗಂಟೆ ಮುಂಚೆ, ಕೆಲವು ಯಾನಗಳಲ್ಲಿ ಇನ್ನೂ ಮೊದಲು, ಮುಚ್ಚುತ್ತದೆ.

ತಡವಾಗಿ ಬಂದವರಿಗೆ ಸಾಮಾನ್ಯವಾಗಿ ಹಣ ಹಿಂದಿರುಗುವುದಿಲ್ಲ. ಮುಂದಿನ ಬಂದರಿನಲ್ಲಿ ಹತ್ತುವುದಕ್ಕೂ ಎಲ್ಲಾ ಸಂದರ್ಭಗಳಲ್ಲಿ ಅನುಮತಿ ಸಿಗುವುದಿಲ್ಲ. ನಾಲ್ಕು ಮಂದಿಯ ಕುಟುಂಬ ವರ್ಷವಿಡೀ ಕೂಡಿಟ್ಟ ಹಣ ಒಂದು ಗಂಟೆಯ ತಡದಿಂದ ಹೋಗಬಹುದು. ಇದರ ಎದುರು ಒಂದು ರಾತ್ರಿಯ ಕೋಣೆ ಬಾಡಿಗೆ ಚಿಕ್ಕದು. ಆ ಬಾಡಿಗೆಯನ್ನು ಹಡಗಿನ ಟಿಕೇಟಿನ ಭಾಗವೆಂದೇ ಎಣಿಸಿ ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಡುವುದು ಒಳ್ಳೆಯದು.

ಲೆಕ್ಕವನ್ನು ಕೊನೆಯಿಂದ ಹಾಕಬೇಕು

ಒಂದು ಉದಾಹರಣೆ ನೋಡೋಣ. ಹಡಗು ಶುಕ್ರವಾರ ಸಂಜೆ 5 ಗಂಟೆಗೆ ಹೊರಡುತ್ತದೆ, ಕೌಂಟರು 3 ಗಂಟೆಗೆ ಮುಚ್ಚುತ್ತದೆ, ನಮಗೆ ಬರಲು ಹೇಳಿದ ಸಮಯ ಮಧ್ಯಾಹ್ನ 12 ಗಂಟೆ ಎಂದು ಇಟ್ಟುಕೊಳ್ಳಿ. ಮಂಗಳೂರಿನಿಂದ ಮಧ್ಯಾಹ್ನದ ನಂತರ ಹೊರಡುವ ಮತ್ಸ್ಯಗಂಧ ರೈಲು ಮರುದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ತಲುಪುತ್ತದೆ. ಅಲ್ಲಿಂದ ಬಂದರು ಸುಮಾರು 15 ಕಿ.ಮೀ.ಗೂ ಹೆಚ್ಚು ದೂರ. ವಾಹನ ದಟ್ಟಣೆಯಲ್ಲಿ ಟ್ಯಾಕ್ಸಿಗೆ ಒಂದೂವರೆ ಗಂಟೆ ಹಿಡಿಯಬಹುದು. ಕಾಗದದ ಮೇಲೆ ನೋಡಿದರೆ ಗುರುವಾರದ ರೈಲು ಧಾರಾಳ ಸಾಕು.

ಆದರೆ ಕೊಂಕಣ ರೈಲ್ವೆ ಬಹುತೇಕ ಒಂದೇ ಹಳಿಯ ಮಾರ್ಗ. ಗುಡ್ಡ, ಸುರಂಗ, ಸೇತುವೆಗಳ ನಡುವೆ ಎಲ್ಲಿಯಾದರೂ ಒಂದು ಕಡೆ ತಡೆಯಾದರೆ ಹಿಂದಿನ ಎಲ್ಲಾ ರೈಲುಗಳು ನಿಲ್ಲಬೇಕು. 2024ರ ಜುಲೈ ತಿಂಗಳಲ್ಲಿ ಗೋವಾದ ಪೆರ್ನೆಮ್ ಸುರಂಗಕ್ಕೆ ನೀರು ನುಗ್ಗಿ ಸಂಚಾರ ನಿಂತಿತು. ಕೆಲವೇ ದಿನಗಳಲ್ಲಿ ರತ್ನಾಗಿರಿ ಜಿಲ್ಲೆಯ ಖೇಡ್ ಸಮೀಪ ಗುಡ್ಡ ಕುಸಿದು ಮತ್ತೆ ನಿಂತಿತು. ವಿಹಾರ ಹಡಗುಗಳ ಮುಖ್ಯ ಋತು ಮಳೆಗಾಲದ ನಂತರದ್ದೇ ಆದರೂ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ಅಕ್ಟೋಬರ್ ತನಕ ನಡೆಯುತ್ತದೆ. ಆ ದಿನಗಳಲ್ಲಿ ರೈಲು ಹೊರಡುವ ಮತ್ತು ತಲುಪುವ ಗಂಟೆ ಎರಡೂ ಬದಲಾಗಿರುತ್ತವೆ.

ಆದುದರಿಂದ ಶುಕ್ರವಾರದ ಹಡಗಿಗೆ ಬುಧವಾರದ ರೈಲು ಹಿಡಿಯಬೇಕು. ಗುರುವಾರ ಬೆಳಿಗ್ಗೆ ತಲುಪಿ, ಆ ರಾತ್ರಿ ಮುಂಬಯಿಯಲ್ಲಿ ಮಲಗಿ, ಶುಕ್ರವಾರ ನಿಧಾನವಾಗಿ ಬಂದರಿಗೆ ಹೋಗಬಹುದು. ರೈಲು ಅರ್ಧ ದಿನ ತಡವಾದರೂ ನಷ್ಟವಾಗುವುದು ವಿಶ್ರಾಂತಿ ಮಾತ್ರ, ಹಡಗಲ್ಲ.

ರೈಲು ಟಿಕೇಟು ಮಾಡುವಾಗ ಎರಡು ವಿಷಯ ಗಮನಿಸಿ. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಹಡಗಿನ ಟಿಕೇಟು ಆರು ತಿಂಗಳ ಮೊದಲೇ ಆಗಿದ್ದರೂ ರೈಲಿನದ್ದು ಆಗುವುದಿಲ್ಲ. ಆ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡನೆಯದು, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ತನಕ ಹೋಗುವ ಮಂಗಳೂರು ರೈಲು ಬಂದರಿಗೆ ಅನುಕೂಲವಾದದ್ದು. ಆದರೆ ನಿಲ್ದಾಣದ ಕಾಮಗಾರಿಯ ಕಾರಣ ಅದನ್ನು ಠಾಣೆಯಲ್ಲಿಯೇ ನಿಲ್ಲಿಸಿದ್ದೂ ಇದೆ. ಟಿಕೇಟಿನಲ್ಲಿ ಕೊನೆಯ ನಿಲ್ದಾಣ ಯಾವುದೆಂದು ಓದಿ ನೋಡಿ.

ವಿಮಾನದಲ್ಲಿ ಹೋಗುವವರಿಗೂ ಇದೇ ಮಾತು. ಹಡಗಿನ ದಿನವೇ ಬೆಳಗ್ಗಿನ ವಿಮಾನ ಹಿಡಿಯುವ ಆಸೆಯಾಗುವುದು ಸಹಜ. ಆದರೆ ಬಜ್ಪೆಯಲ್ಲಿ ಮಳೆ, ಮಂಜು ಇದ್ದರೆ ವಿಮಾನಗಳು ತಡವಾಗುವುದು ನಮಗೆಲ್ಲ ಗೊತ್ತಿದೆ. ಹಿಂದಿನ ದಿನವೇ ಹೋಗಿ. ಈಗ ನವಿ ಮುಂಬಯಿಯಲ್ಲಿಯೂ ವಿಮಾನ ನಿಲ್ದಾಣ ಇರುವುದರಿಂದ ನಿಮ್ಮ ವಿಮಾನ ಇಳಿಯುವುದು ಎಲ್ಲಿ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಹಳೆಯ ನಿಲ್ದಾಣದಲ್ಲಿ ಇಳಿದರೆ, 2025ರ ಅಕ್ಟೋಬರಿನಲ್ಲಿ ಕಫ್ ಪರೇಡ್ ತನಕ ಪೂರ್ಣಗೊಂಡ ಭೂಗತ ಮೆಟ್ರೋ ಇದೆ. ಕಡಿಮೆ ಸಾಮಾನು ಇದ್ದವರು ಅದರಲ್ಲಿ ನೇರವಾಗಿ ಸಿ.ಎಸ್.ಎಂ.ಟಿ. ತಲುಪಬಹುದು.

ರಾತ್ರಿ ಎಲ್ಲಿ ತಂಗಬೇಕು?

ಹಡಗು ನಿಲ್ಲುವುದು ದಕ್ಷಿಣ ಮುಂಬಯಿಯ ಬಲ್ಲಾರ್ಡ್ ಪಿಯರ್‌ನಲ್ಲಿ. ಅಲ್ಲಿನ ಹೊಸ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಸಿ.ಎಸ್.ಎಂ.ಟಿ., ಫೋರ್ಟ್, ಕೊಲಾಬಾ ಇವು ಬಂದರಿಗೆ ಸಮೀಪದ ಪ್ರದೇಶಗಳು. ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ.

ಇಲ್ಲಿ ನಮ್ಮವರಿಗೆ ಒಂದು ಸಂಕೋಚ ಬರುತ್ತದೆ. ಅಂಧೇರಿ, ಬೊರಿವಿಲಿ, ಮೀರಾ ರೋಡ್, ವಸಾಯಿಗಳಲ್ಲಿ ನಮ್ಮ ಸಂಬಂಧಿಕರಿದ್ದಾರೆ. ಅಣ್ಣನ ಮನೆ ಇರುವಾಗ ಹೋಟೆಲಿನಲ್ಲಿ ಇಳಿದರೆ ಅವರು ಬೇಸರಪಟ್ಟುಕೊಳ್ಳುತ್ತಾರೆ. ಆದರೆ ಬೊರಿವಿಲಿಯಿಂದ ಚರ್ಚ್‌ಗೇಟ್‌ಗೆ ಸುಮಾರು 34 ಕಿ.ಮೀ., ವಸಾಯಿಯಿಂದ 50 ಕಿ.ಮೀ.ಗೂ ಹೆಚ್ಚು. ಬೆಳಗ್ಗಿನ ಲೋಕಲ್ ರೈಲಿನಲ್ಲಿ ಪೆಟ್ಟಿಗೆ ಹಿಡಿದ ವೃದ್ಧರು ಹತ್ತುವುದೇ ಕಷ್ಟ. ಭಾನುವಾರವಾದರೆ ದುರಸ್ತಿಗಾಗಿ ಮೆಗಾ ಬ್ಲಾಕ್ ಇರುತ್ತದೆ. ಹಾಗಾಗಿ ಹೋಗುವಾಗ ಬಂದರಿನ ಸಮೀಪ ಹೋಟೆಲಿನಲ್ಲಿ ತಂಗಿ, ಹಿಂದಿರುಗುವಾಗ ಸಂಬಂಧಿಕರ ಮನೆಯಲ್ಲಿ ಎರಡು ದಿನ ಇರುವುದು ಉತ್ತಮ. ಇದನ್ನು ಫೋನಿನಲ್ಲಿ ಮುಂಚಿತವಾಗಿ ಹೇಳಿದರೆ ಯಾರಿಗೂ ಬೇಸರವಿರದು.

ಕೋಣೆ ಕಾಯ್ದಿರಿಸುವಾಗ ಇವನ್ನು ಕೇಳಿ: ಬೆಳಿಗ್ಗೆ 7 ಗಂಟೆಗೆ ತಲುಪಿದರೆ ಕೋಣೆ ಕೊಡುತ್ತಾರೆಯೇ, ಇಲ್ಲವಾದರೆ ಸಾಮಾನು ಇಟ್ಟುಕೊಳ್ಳುತ್ತಾರೆಯೇ? ಲಿಫ್ಟ್ ಇದೆಯೇ? ಹಳೆಯ ಕಟ್ಟಡಗಳಲ್ಲಿ ಇಲ್ಲದಿರಬಹುದು. ಮರುದಿನ ಕೋಣೆ ಬಿಡುವ ಗಂಟೆ ಯಾವುದು? ಯಾನ ರದ್ದಾದರೆ ಮುಂಗಡ ಹಿಂದಿರುಗುತ್ತದೆಯೇ?

ಹಡಗು ಭಾನುವಾರ ಹೊರಡುವುದಾದರೆ ಶನಿವಾರ ಸಂಜೆಯೇ ಬಲಿಪೂಜೆಯಲ್ಲಿ ಭಾಗವಹಿಸಬಹುದು. ಮುಂಬಯಿ ಮಹಾಧರ್ಮಪ್ರಾಂತ್ಯದ ಹೋಲಿ ನೇಮ್ ಕೆಥೆಡ್ರಲ್ ಕೊಲಾಬಾದಲ್ಲಿಯೇ ಇದೆ.

ಹಿರಿಯರು ಕಂಡುಕೊಂಡ ದಾರಿ

ಹಡಗಿಗಾಗಿ ಒಂದು ದಿನ ಮೊದಲು ಬಂದು ಕಾಯುವುದು ಹೊಸ ಸಂಗತಿಯಲ್ಲ. ಗೋವಾದ ಹಳ್ಳಿಗಳ ಜನರು ಮುಂಬಯಿಯ ಧೋಬಿ ತಲಾವ್ ಮುಂತಾದ ಕಡೆ ತಮ್ಮ ಊರಿನ ಹೆಸರಿನಲ್ಲಿ ‘ಕೂಡ್’ ಎಂಬ ವಸತಿಗಳನ್ನು ಕಟ್ಟಿಕೊಂಡಿದ್ದರು. ಹಡಗಿನ ಕೆಲಸಕ್ಕೆ ಹೋಗುವವರು ತಮ್ಮ ಟ್ರಂಕನ್ನು ಅಲ್ಲಿ ಇಟ್ಟು, ಅಲ್ಪ ಬಾಡಿಗೆ ಕೊಟ್ಟು, ಹಡಗು ಸಿಗುವ ತನಕ ತಂಗುತ್ತಿದ್ದರು. ಸಂಜೆ ಪೀಠದ ಮುಂದೆ ಒಟ್ಟಾಗಿ ಜಪಸರ ಮಾಡುವ ನಿಯಮವಿತ್ತು. ಇಂತಹ ಕೆಲವು ವಸತಿಗಳು ಇಂದಿಗೂ ಉಳಿದಿವೆ. ಅವು ಊರಿನ ಸದಸ್ಯರಿಗಾಗಿ ಇರುವಂತಹವು, ಪ್ರವಾಸಿಗರಿಗಲ್ಲ. ಆದರೆ ಸಮುದ್ರದ ಕೆಲಸವನ್ನೇ ನಂಬಿದ್ದವರು ಬಂದರಿನ ಬಳಿಯ ವಸತಿಯನ್ನು ಎಷ್ಟು ಅಗತ್ಯವೆಂದು ತಿಳಿದಿದ್ದರು ಎಂಬುದಕ್ಕೆ ಅವು ಸಾಕ್ಷಿ.

ಇಂದು ವಿಹಾರ ಹಡಗುಗಳಲ್ಲಿ ಕೆಲಸಕ್ಕೆ ಸೇರುವ ನಮ್ಮ ಯುವಕ ಯುವತಿಯರಿಗೂ ಇದು ಅನ್ವಯಿಸುತ್ತದೆ. ಅವರ ವಿಮಾನ ಮತ್ತು ಹೋಟೆಲನ್ನು ಸಾಮಾನ್ಯವಾಗಿ ಕಂಪೆನಿಯೇ ನೋಡಿಕೊಳ್ಳುತ್ತದೆ. ಆದರೆ ಮನೆಯಿಂದ ಮುಂಬಯಿ ತನಕದ ದಾರಿ ಅವರದ್ದೇ ಆಗಿದ್ದರೆ, ಅಲ್ಲಿಯೂ ಒಂದು ದಿನದ ಬಿಡುವು ಇಟ್ಟುಕೊಳ್ಳಲಿ.

ಕೈಚೀಲದಲ್ಲಿ ಏನಿರಬೇಕು?

ಟರ್ಮಿನಲಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ತೆಗೆದುಕೊಂಡು ಚೀಟಿ ಅಂಟಿಸುತ್ತಾರೆ. ಅವು ಕೋಣೆಗೆ ತಲುಪುವಾಗ ಸಂಜೆಯಾಗಬಹುದು. ಆದುದರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು, ವೈದ್ಯರ ಚೀಟಿ, ಮೂಲ ಗುರುತಿನ ಚೀಟಿ, ಮುದ್ರಿಸಿದ ಟಿಕೇಟು ಕೈಚೀಲದಲ್ಲಿಯೇ ಇರಲಿ. ಟಿಕೇಟಿನಲ್ಲಿರುವ ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಬೇಕು. ನಮ್ಮಲ್ಲಿ ದೀಕ್ಷಾಸ್ನಾನದ ಹೆಸರು ಒಂದು, ಕರೆಯುವ ಹೆಸರು ಮತ್ತೊಂದು ಇರುವುದರಿಂದ ಇದನ್ನು ಮೊದಲೇ ಪರಿಶೀಲಿಸಿ. ದೇಶದ ಹೊರಗೆ ಹೋಗುವ ಯಾನವಾದರೆ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಗರ್ಭಿಣಿಯರು ಮತ್ತು ಆರು ತಿಂಗಳೊಳಗಿನ ಶಿಶುಗಳಿಗೆ ಹೆಚ್ಚಿನ ಕಂಪೆನಿಗಳಲ್ಲಿ ನಿರ್ಬಂಧಗಳಿವೆ. ಟಿಕೇಟಿಗೆ ಮೊದಲೇ ವಿಚಾರಿಸಿ.

ಹಿಂದಿರುಗುವ ದಿನ ಹಡಗು ಬೆಳಿಗ್ಗೆ ಬಂದರಿಗೆ ಬಂದರೂ ಎಲ್ಲರೂ ಇಳಿದು ಪೆಟ್ಟಿಗೆ ಪಡೆಯಲು ಎರಡು ಮೂರು ಗಂಟೆ ಬೇಕು. ಬೆಳಗ್ಗಿನ ವಿಮಾನವನ್ನು ನಂಬಬೇಡಿ.

ಚರ್ಚಿನಿಂದ ಗುಂಪಾಗಿ ಹೋಗುವವರು ಒಬ್ಬರನ್ನು ಜವಾಬ್ದಾರರಾಗಿ ನೇಮಿಸಿಕೊಳ್ಳಿ. ಎಲ್ಲರ ಟಿಕೇಟಿನ ಪ್ರತಿ, ಹೋಟೆಲಿನ ವಿಳಾಸ, ಹಡಗಿನ ಕಂಪೆನಿಯ ಫೋನ್ ಸಂಖ್ಯೆ, ಯಾರು ಯಾವ ಔಷಧಿ ತೆಗೆದುಕೊಳ್ಳುತ್ತಾರೆ ಎಂಬ ಪಟ್ಟಿ ಅವರ ಬಳಿ ಇರಲಿ. ಅದರ ಇನ್ನೊಂದು ಪ್ರತಿಯನ್ನು ಊರಿನಲ್ಲಿ ಮನೆಯವರಿಗೆ ಕೊಟ್ಟು ಹೊರಡಿ.