ಎಲುಬಿನ ಆಪರೇಷನ್ ಮತ್ತು ನೋವಿನ ಗುಳಿಗೆ



ಕಮಲಾಪುರದ ಕೆಂಪು ಬಾಳೆ ನಮಗೆಲ್ಲ ಗೊತ್ತು. ಆ ಬಾಳೆ ತೋಟದಲ್ಲಿ ಒಬ್ಬ ಅಕ್ಕ ಜಾರಿ ಬಿದ್ದಳು ಅಂತ ತಿಳಿಯೋಣ. ತೊಡೆಯ ಎಲುಬು ಮುರಿಯಿತು. ಕಲಬುರಗಿಯ ದವಾಖಾನೆಗೆ ತಂದರು. ಆಪರೇಷನ್ ಮಾಡಿ ರಾಡು ಹಾಕಿದರು.

ಮರುದಿನ ಡಾಕ್ಟರು ಕೇಳಿದರು, "ನೋವು ಹೆಂಗದ ಅವ್ವಾ?"

"ಏನಿಲ್ರಿ ಸಾಹೇಬ್ರ, ತಡಕೋತೀನಿ."

ಆದರೆ ಆಕೆ ರಾತ್ರಿಯೆಲ್ಲ ಸೆರಗು ಕಚ್ಚಿಕೊಂಡು ಮಲಗಿದ್ದಳು.

ನಾವು ಹೆಂಗಸರು ಹೀಗೇ. ಹೆರಿಗೆ ನೋವು ತಿಂದವರಿಗೆ ಇದೇನು ದೊಡ್ಡದು ಅಂತೀವಿ. ಎಲುಬಿನ ಮಾತು ಬೇರೆ. ನೋವಿದ್ದರೆ ಕಾಲು ಆಡಿಸಲು ಆಗುವುದಿಲ್ಲ. ಕಾಲು ಆಡಿಸದಿದ್ದರೆ ಕೀಲು ಬಿಗಿಯುತ್ತದೆ. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಗುಳಿಗೆ ಕೊಡುವುದು ಬರೀ ಸುಖಕ್ಕಲ್ಲ, ಎದ್ದು ನಡೆಯಲಿಕ್ಕೆ.

ಎಲ್ಲ ದೇಶದಲ್ಲೂ ಒಂದೇ ಗುಳಿಗೆ ಕೊಡ್ತಾರೇನು? ಇಲ್ಲ. 2019ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಮೊಳಕಾಲು, ಅಪೆಂಡಿಕ್ಸ್ ಮುಂತಾದ ಸಣ್ಣ ಆಪರೇಷನ್ ಆದವರ ಲೆಕ್ಕ ಅದು. ಅಮೆರಿಕದಲ್ಲಿ 100 ಜನರಲ್ಲಿ 76 ಜನ ಅಫೀಮು ಜಾತಿಯ ಗುಳಿಗೆ ಕೊಂಡಿದ್ದರು. ಸ್ವೀಡನ್ ದೇಶದಲ್ಲಿ 11 ಜನ ಮಾತ್ರ. ಆಪರೇಷನ್ ಅದೇ, ಗುಳಿಗೆ ಬೇರೆ!

ಅಮೆರಿಕದಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಗುಳಿಗೆ ಬಂತು. ಇದರ ಚಟ ಹತ್ತುವುದು ಕಡಿಮೆ ಅಂತ ಕಂಪನಿಯವರು ಡಾಕ್ಟರುಗಳಿಗೆ ಹೇಳಿದರು. ಅದು ಸುಳ್ಳು. 2007ರಲ್ಲಿ ಕಂಪನಿ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಿತು. ಅಷ್ಟರಲ್ಲಿ ಎಷ್ಟೋ ಮನೆ ಹಾಳಾಗಿದ್ದವು. 2021ರಲ್ಲಿ ಗುಳಿಗೆ, ಕಳ್ಳ ಮಾಲು ಎಲ್ಲ ಸೇರಿ ಅಫೀಮು ಜಾತಿಯ ಮದ್ದಿನಿಂದ ಅಲ್ಲಿ 80,000ಕ್ಕೂ ಹೆಚ್ಚು ಜನ ಸತ್ತರು.

ನಮ್ಮಲ್ಲಿ ಉಲ್ಟಾ ಆಯಿತು. ಪಾಯಸಕ್ಕೆ ಹಾಕುವ ಗಸಗಸೆ ಗೊತ್ತಲ್ಲ? ಅದೇ ಗಿಡದ ಕಾಯಿಯ ಹಾಲಿನಿಂದ ಅಫೀಮು ಬರುತ್ತದೆ. ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಸರಕಾರದ ಪರವಾನಗಿ ಪಡೆದು ಬೆಳೆಯುತ್ತಾರೆ. ಅದರಿಂದ ಮಾರ್ಫಿನ್ ಮದ್ದು ಆಗುತ್ತದೆ. ಬೆಳೆ ನಮ್ಮದು. ಆದರೆ 1985ರ ಕಾನೂನು ಭಾಳ ಬಿಗಿ ಇತ್ತು. ಹಲವು ದವಾಖಾನೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕ್ಯಾನ್ಸರಿನ ರೋಗಿಗಳು ನರಳಿದರು. 2014ರಲ್ಲಿ ಕಾನೂನು ಸಡಿಲವಾಯಿತು.

ಆಪರೇಷನ್ ಆಗಿ ಮನೆಗೆ ಬರುವಾಗ ನಮಗೆ ಹೆಚ್ಚಾಗಿ ಸಿಗುವುದು ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಇಂಥ ಗುಳಿಗೆ. ಕೆಲವರಿಗೆ ಟ್ರಮಡಾಲ್ ಬರೆಯುತ್ತಾರೆ. ಇದು ಅಫೀಮು ಜಾತಿಯದು. ಇದನ್ನು ಹೇಳಿದ ದಿನಕ್ಕಿಂತ ಹೆಚ್ಚು ನುಂಗಬಾರದು. ಪಕ್ಕದ ಮನೆಯವರ ಸೊಂಟ ನೋವಿಗೂ ಕೊಡಬಾರದು.

ಡೈಕ್ಲೋಫೆನಾಕ್ ಊಟದ ನಂತರವೇ ನುಂಗಬೇಕು. ಬಿ.ಪಿ., ಮೂತ್ರಪಿಂಡದ ತೊಂದರೆ, ಹೊಟ್ಟೆ ಹುಣ್ಣು ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಮಲ ಕಪ್ಪಾದರೆ ತಡಮಾಡದೆ ದವಾಖಾನೆಗೆ ಹೋಗಬೇಕು.

ಪ್ಯಾರಾಸಿಟಮಾಲಿಗೆ ಹೆಸರು ಹತ್ತಾರು. ಎರಡು ಅಂಗಡಿಯ ಎರಡು ಹೆಸರಿನ ಗುಳಿಗೆ ಒಳಗೆ ಒಂದೇ ಇರಬಹುದು. ಎರಡನ್ನೂ ನುಂಗಿದರೆ ಲಿವರ್ ಕೆಡುತ್ತದೆ. ಗಟ್ಟಿಮುಟ್ಟಾದವರಿಗೂ ದಿನಕ್ಕೆ 4000 ಮಿಲಿಗ್ರಾಂ ದಾಟಬಾರದು. ಲೆಕ್ಕ ಮಾಡೋಣ. 650ರ ಗುಳಿಗೆ 6 ಆದರೆ 3900. ವಯಸ್ಸಾದವರಿಗೆ, ಬಡಕಲು ಇದ್ದವರಿಗೆ ಇನ್ನೂ ಕಡಿಮೆ ಬೇಕು. ಅದನ್ನು ಡಾಕ್ಟರೇ ಹೇಳಬೇಕು.

ಗುಳಿಗೆ ಚೀಟಿಯ ಮೇಲೆ ಇಂಗ್ಲಿಷ್ ಇರುತ್ತದೆ. ಆದರೆ ಅಂಕಿ ನಮಗೆ ಓದಲು ಬರುತ್ತದೆ. ಅಂಗಡಿಯವರಿಗೆ ಹೇಳಿರಿ, "ಅಣ್ಣಾ, ಇದರ ಹೆಸರು, ದಿನಕ್ಕ ಎಷ್ಟು, ಎಷ್ಟು ದಿನ, ಕನ್ನಡದಾಗ ಬರೆದು ಕೊಡ್ರಿ." ಬರೆದದ್ದನ್ನು ಅಲ್ಲೇ ನಿಂತು ಒಂದು ಸಲ ಓದಿ ತೋರಿಸಿರಿ.