ಬಣ್ಣದ ಆಯುಸ್ಸನ್ನೂ ಹೇಳಿ ಮಾರಬೇಕು

ವೃತ್ತಿಪರ ಚಿತ್ರಕಾರರು ಬಳಸುವ ಮಾರ್ಕರ್‌ಗಳಲ್ಲಿ ಜಪಾನಿನ ‘ಕಾಪಿಕ್’ ಹೆಸರುವಾಸಿಯಾದುದು. 1987ರಲ್ಲಿ ಮಾರುಕಟ್ಟೆಗೆ ಬಂದ ಈ ಮಾರ್ಕರ್‌ನ ಹೆಸರಿನಲ್ಲೇ ಅದರ ಹುಟ್ಟಿನ ಕಥೆಯಿದೆ. ಅಂದಿನ ವಿನ್ಯಾಸಕಾರರು ರೇಖಾಚಿತ್ರವನ್ನು ಜೆರಾಕ್ಸ್ ಮಾಡಿಸಿ, ಆ ಪ್ರತಿಗೆ ಬಣ್ಣ ತುಂಬುತ್ತಿದ್ದರು. ಆದರೆ ಎಷ್ಟೋ ಮಾರ್ಕರ್‌ಗಳ ಶಾಯಿ ಜೆರಾಕ್ಸಿನ ಟೋನರನ್ನು ಕರಗಿಸಿ ಗೆರೆಗಳನ್ನು ಕದಡಿಬಿಡುತ್ತಿತ್ತು. ಟೋನರಿಗೆ ಧಕ್ಕೆ ಮಾಡದ ಆಲ್ಕೊಹಾಲ್ ಶಾಯಿ ಆ ತೊಡಕನ್ನು ನಿವಾರಿಸಿತು. ‘ಕಾಪಿ’ಗಾಗಿ ಹುಟ್ಟಿದ್ದು ‘ಕಾಪಿಕ್’ ಎನಿಸಿತು.

ಆಲ್ಕೊಹಾಲ್ ಬೇಗ ಆವಿಯಾಗುತ್ತದೆ, ಕಾಗದ ಸುಕ್ಕುಗಟ್ಟುವುದಿಲ್ಲ. ಮೇಲೆ ಎಳೆದ ಎರಡನೆಯ ಪದರ ಕೆಳಗಿನ ಬಣ್ಣವನ್ನು ಮತ್ತೆ ಕರಗಿಸಿ ತನ್ನೊಡನೆ ಬೆರೆಸಿಕೊಳ್ಳುವುದರಿಂದ ಗೀರುಗಳು ಮಾಯವಾಗಿ, ತಿಳಿಯಿಂದ ಗಾಢದವರೆಗೆ ಛಾಯೆಗಳು ಸಲೀಸಾಗಿ ಹರಿಯುತ್ತವೆ. ಮೊನೆ ಸವೆದರೆ ಬದಲಿಸಬಹುದು, ಶಾಯಿ ಮುಗಿದರೆ ತುಂಬಬಹುದು. ಇರುವ ಬಣ್ಣಗಳೋ 358. ಜಪಾನಿನ ಮಾಂಗಾ ಚಿತ್ರಕಾರರು ಇದಕ್ಕೆ ಮನಸೋತದ್ದರಲ್ಲಿ ಅಚ್ಚರಿಯಿಲ್ಲ.

ಆದರೆ ಈ ಸೊಬಗಿಗೆ ಒಂದು ಬೆಲೆಯಿದೆ. ಇಂಥ ಶಾಯಿಯಲ್ಲಿರುವುದು ದ್ರವದಲ್ಲಿ ಪೂರ್ಣವಾಗಿ ಕರಗುವ ಡೈ. ಅದರ ಅಣುಗಳನ್ನು ಬೆಳಕು, ಅದರಲ್ಲೂ ಅತಿನೇರಳೆ ಕಿರಣ, ಕ್ರಮೇಣ ಒಡೆಯುತ್ತದೆ. ಕರಗದ ಕಣಗಳಾಗಿ ಉಳಿಯುವ ವರ್ಣದ್ರವ್ಯಗಳು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಬಾಳುತ್ತವೆ. ಮಾರ್ಕರ್ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಅದು ಮಾಸುವುದು ಖಂಡಿತ.

ಮುದ್ರಣಕ್ಕೆಂದು ಬರೆದ ಚಿತ್ರಕ್ಕೆ ಇದು ದೊಡ್ಡ ಕೊರತೆಯಾಗಿರಲಿಲ್ಲ. ಪುಟ ಅಚ್ಚಾದ ಬಳಿಕ ಮೂಲಪ್ರತಿಯ ಮುಖ್ಯ ಕೆಲಸ ಮುಗಿಯುತ್ತಿತ್ತು. ಇಂದು ಅದೇ ಮೂಲಪ್ರತಿ ಚೌಕಟ್ಟು ಏರಿ, ಭಾವಚಿತ್ರವಾಗಿ, ಉಡುಗೊರೆಯಾಗಿ ಮಾರಾಟವಾಗುತ್ತಿದೆ. ಉಪಯೋಗ ಬದಲಾದರೂ ಶಾಯಿಯ ಗುಣ ಬದಲಾಗಿಲ್ಲ.

ಬಣ್ಣ ಮಾಸುವುದು ಹೊಸ ಸಂಗತಿಯೇನಲ್ಲ. ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ಚಿತ್ರಿಸಿದ ತನ್ನ ಮಲಗುವ ಕೋಣೆಯ ಗೋಡೆಗಳು ಮೂಲತಃ ತಿಳಿನೇರಳೆ. ಅದರೊಳಗಿನ ಕೆಂಪು ಮಾಸಿದ್ದರಿಂದ ಇಂದು ನಮಗೆ ಕಾಣುವುದು ನೀಲಿ ಗೋಡೆ. ಆತ ತನ್ನ ಪತ್ರದಲ್ಲಿ ಬಣ್ಣಗಳನ್ನು ವಿವರಿಸಿದ್ದರಿಂದ ಈ ವ್ಯತ್ಯಾಸ ಲೋಕಕ್ಕೆ ತಿಳಿಯಿತು. ಮನೆಯ ಗೋಡೆಯ ಮೇಲಿನ ಭಾವಚಿತ್ರಕ್ಕೆ ಅಂಥ ಸಾಕ್ಷಿ ಎಲ್ಲಿಂದ ಬರಬೇಕು?

ಹಾಗೆಂದು ಮಾರ್ಕರನ್ನು ತ್ಯಜಿಸಬೇಕಿಲ್ಲ. ಚಿತ್ರ ಮುಗಿದೊಡನೆ ಉತ್ತಮ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿಡಬೇಕು. ಗೋಡೆಗೆ ವರ್ಣದ್ರವ್ಯದ ಶಾಯಿಯಲ್ಲಿ ತೆಗೆದ ಮುದ್ರಿತ ಪ್ರತಿ ಸಾಕು. ಮೂಲಪ್ರತಿ ಕತ್ತಲಲ್ಲಿ, ಆಮ್ಲರಹಿತ ಕಾಗದದ ನಡುವೆ ಇರಲಿ. ವಸ್ತುಸಂಗ್ರಹಾಲಯಗಳು ಕಾಗದದ ಮೇಲಿನ ನಾಜೂಕಾದ ಕೃತಿಗಳನ್ನು ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ, ಅದೂ ಕೆಲವೇ ತಿಂಗಳು ಪ್ರದರ್ಶಿಸುವುದು ಇದೇ ಎಚ್ಚರದಿಂದ.

ಎಲ್ಲಕ್ಕಿಂತ ಮುಖ್ಯವಾದುದು ಪ್ರಾಮಾಣಿಕತೆ. ಚಿತ್ರದ ಹಿಂಬದಿಯಲ್ಲಿ ಬಳಸಿದ ಶಾಯಿಯ ಹೆಸರು, ವರ್ಷ ಮತ್ತು ‘ಬಿಸಿಲಿಗೆ ಒಡ್ಡಬೇಡಿ’ ಎಂಬ ಒಂದು ಸಾಲು ಬರೆಯಲು ಕಲಾವಿದನಿಗೆ ಅರ್ಧ ನಿಮಿಷ ಸಾಕು. ಬಣ್ಣ ಬೆರೆಸುವ ಕೌಶಲದೊಡನೆ ಈ ಅಭ್ಯಾಸವನ್ನೂ ಕಲಾಶಾಲೆಗಳು ಕಲಿಸಬೇಕು. ಹಣ ಕೊಟ್ಟು ಚಿತ್ರ ಕೊಳ್ಳುವವರಿಗೆ ಅದರ ಬಾಳಿಕೆಯನ್ನು ತಿಳಿಯುವ ಹಕ್ಕಿದೆ.