ಹಬ್ಬದ ಮರುದಿನದ ಬಿರಿಯಾನಿ

ಬಿರಿಯಾನಿಗೆ ನಿಜವಾದ ರುಚಿ ಬರುವುದು ಮರುದಿನವೇ ಎನ್ನುವವರು ನಿಮ್ಮ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಮಸಾಲೆ ಅನ್ನಕ್ಕೆ ಚೆನ್ನಾಗಿ ಹಿಡಿದಿರುತ್ತದೆ, ಮಾಂಸ ಮೆತ್ತಗಾಗಿರುತ್ತದೆ, ತಳ ಹಿಡಿದದ್ದನ್ನು ಕೆರೆದು ತಿನ್ನುವ ಸುಖವೇ ಬೇರೆ. ನಾನೂ ಹಾಗೆ ಹೇಳುತ್ತಿದ್ದವಳೇ, ಒಂದು ಈದುಲ್ ಫಿತ್ರ್‌ನ ಮರುದಿನದವರೆಗೆ.

ಆ ಹಬ್ಬದ ಮಧ್ಯಾಹ್ನ ಒಂದು ಗಂಟೆಗೆ ದಮ್ ತೆರೆದೆವು. ನಾಲ್ಕು ಗಂಟೆಯವರೆಗೆ ನೆಂಟರು ಬರುತ್ತಲೇ ಇದ್ದರು. ಆಮೇಲೆ ಯಾರಿಗೂ ಹಸಿವಿಲ್ಲ. ಪಾತ್ರೆಯಲ್ಲಿ ಇನ್ನೂ ಮೂರನೇ ಒಂದು ಭಾಗ ಉಳಿದಿತ್ತು. ಫ್ರಿಜ್‌ನಲ್ಲಿ ಶೀರ್ ಖುರ್ಮಾ, ಪುಡ್ಡಿಂಗ್, ತಂಪು ಪಾನೀಯದ ಬಾಟಲಿಗಳು. ಬಿರಿಯಾನಿಯ ಪಾತ್ರೆ ಹಿಡಿಸಲು ಎಲ್ಲಿದೆ ಜಾಗ? ಮುಚ್ಚಳ ಬಿಗಿಯಾಗಿ ಹಾಕಿ ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟೆ. ಬೆಳಿಗ್ಗೆ ಮೂಸಿ ನೋಡಿದೆ, ಘಮಘಮ. ಕಾವಲಿಯ ಮೇಲೆ ಪಾತ್ರೆ ಇಟ್ಟು ಹಬೆಯಾಡುವಷ್ಟು ಬಿಸಿ ಮಾಡಿ, ಹಾಟ್ ಬಾಕ್ಸ್‌ಗೆ ತುಂಬಿಸಿಕೊಂಡು ಹನ್ನೊಂದು ಜನ ಮಲ್ಪೆ ಬೀಚಿಗೆ ಹೊರಟೆವು.

ಎರಡು ಗಂಟೆಗೆ ಊಟ. ನಾಲ್ಕೂವರೆಗೆ ಮೊದಲ ವಾಂತಿ, ತಂಗಿಯ ಮಗನದ್ದು. ಕತ್ತಲಾಗುವಷ್ಟರಲ್ಲಿ ಏಳು ಜನರಿಗೆ ಶುರುವಾಗಿತ್ತು. ಎಲ್ಲರೂ ಬೀಚಿನ ಐಸ್‌ಕ್ರೀಮ್ ಗಾಡಿಯವನನ್ನು ಬಯ್ದೆವು. ಆದರೆ ಎಲ್ಲರಿಗಿಂತ ಹೆಚ್ಚು ನರಳಿದ್ದು ಅರವತ್ತೆಂಟರ ನಮ್ಮ ಮಾಮಿ. ಸಕ್ಕರೆ ಕಾಯಿಲೆಯಿರುವ ಅವರು ಐಸ್‌ಕ್ರೀಮ್ ಮುಟ್ಟಿರಲೇ ಇಲ್ಲ. ಬಿರಿಯಾನಿ ಬೇಡವೆಂದು ಹಟ ಮಾಡಿ ಬರೀ ಬನ್ನು, ಬಾಳೆಹಣ್ಣು ತಿಂದಿದ್ದ ನನ್ನ ಮಗಳು ಎರಡು ಐಸ್‌ಕ್ರೀಮ್ ತಿಂದೂ ಆರಾಮವಾಗಿದ್ದಳು. ರಾತ್ರಿ ಮಾಮಿಗೆ ತಲೆ ಸುತ್ತಿ ಬಿದ್ದಂತಾಯಿತು. ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಅನ್ನ ಮಾಡಿದ್ದು ಯಾವಾಗ?" ಮಾಮಿ ಮೂರು ದಿನ ಅಲ್ಲೇ ಇದ್ದರು. ಮೊದಲೇ ಸೊರಗಿದ್ದ ಅವರ ಕಿಡ್ನಿಯದ್ದೇ ವೈದ್ಯರಿಗೆ ಚಿಂತೆಯಾಗಿತ್ತು. ಅಲ್‌ಹಮ್ದುಲಿಲ್ಲಾಹ್, ಚೇತರಿಸಿಕೊಂಡರು.

ಬೇಯಿಸಿದ ಮೇಲೆ ಕೀಟಾಣುಗಳೆಲ್ಲ ಸಾಯುತ್ತವೆ, ಮತ್ತೆ ಬಿಸಿ ಮಾಡಿದರೆ ಉಳಿದವೂ ಸಾಯುತ್ತವೆ ಎಂದು ನಾವು ತಿಳಿದಿರುತ್ತೇವೆ. ಅನ್ನದ ವಿಷಯದಲ್ಲಿ ಎರಡೂ ಪೂರ್ತಿ ನಿಜವಲ್ಲ. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅಕ್ಕಿಯ ಜೊತೆ ಬೀಜಾಣುವಿನ ರೂಪದಲ್ಲಿ ಬರುತ್ತದೆ. ಗಟ್ಟಿ ಕವಚದ ಈ ಬೀಜಾಣುಗಳು ಕುದಿಯುವ ನೀರನ್ನೂ ತಡೆದುಕೊಂಡು ಬದುಕುತ್ತವೆ. ಅನ್ನ ಬೆಂದು ನಿಧಾನವಾಗಿ ಆರತೊಡಗಿದಾಗ, ಅಂದರೆ ಬಿಸಿಯೂ ಅಲ್ಲದ ತಂಪೂ ಅಲ್ಲದ ಉಗುರುಬೆಚ್ಚಗಿನ ಹೊತ್ತಿನಲ್ಲಿ, ಅವು ಎಚ್ಚರಗೊಂಡು ಬೆಳೆಯುತ್ತವೆ. ಬೆಳೆಯುತ್ತಾ ಒಂದು ವಿಷವನ್ನು ಬಿಡುತ್ತವೆ. ಮರುದಿನ ನೀವು ಹಬೆಯಾಡುವಂತೆ ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಆ ವಿಷ ಸಾಯುವುದಿಲ್ಲ. ಅಡುಗೆಮನೆಯ ಯಾವ ಬಿಸಿಗೂ ಅದು ಬಗ್ಗದು. ವಾಸನೆಯಿಲ್ಲ, ಬಣ್ಣವಿಲ್ಲ, ಹುಳಿಯಿಲ್ಲ. ಮೂಸಿ ನೋಡಿ "ಚೆನ್ನಾಗಿದೆ" ಎನ್ನುವ ನಮ್ಮ ಪರೀಕ್ಷೆಗೆ ಇಲ್ಲಿ ಬೆಲೆಯೇ ಇಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ನಮ್ಮ ಮನೆಯವರಿಗೆ ಎರಡೂವರೆ ಗಂಟೆ ಹಿಡಿಯಿತು.

ಅದೇ ಪಾತ್ರೆಯ ಮಾಂಸದಲ್ಲಿ ಇನ್ನೊಬ್ಬ ಅತಿಥಿ ಇರಬಹುದು, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಗಾಳಿಯಿಲ್ಲದ ಕಡೆ ಚೆನ್ನಾಗಿ ಬೆಳೆಯುವ ಇದಕ್ಕೆ ದೊಡ್ಡ ಪಾತ್ರೆಯ ನಡುಭಾಗದ ಬೆಚ್ಚಗಿನ ಗ್ರೇವಿ ಎಂದರೆ ಸ್ವರ್ಗ. ಹದವಾದ ಬಿಸಿಯಲ್ಲಿ ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಇದರಿಂದ ವಾಂತಿಗಿಂತ ಹೊಟ್ಟೆ ನುಲಿತ, ಭೇದಿ ಹೆಚ್ಚು. ಅದೂ ತಿಂದ 6ರಿಂದ 24 ಗಂಟೆಗಳ ನಂತರ. ಮದುವೆ ಊಟ ಮಾಡಿದವರಿಗೆ ಮರುದಿನ ಬೆಳಿಗ್ಗೆ ಹೊಟ್ಟೆ ಕೆಡುವುದರ ಹಿಂದೆ ಅನೇಕ ಸಲ ಇರುವುದು ಇದೇ. ನಾವು "ತುಪ್ಪ ಜಾಸ್ತಿಯಾಯಿತು" ಎಂದು ಸುಮ್ಮನಾಗುತ್ತೇವೆ.

ನೆನಪಿಡಬೇಕಾದ್ದು ಎರಡು ಅಂಕಿ, 5 ಮತ್ತು 60. ಐದು ಡಿಗ್ರಿ ಸೆಲ್ಸಿಯಸ್‌ಗಿಂತ ತಂಪು ಅಥವಾ ಅರವತ್ತು ಡಿಗ್ರಿಗಿಂತ ಬಿಸಿ. ಬೇಯಿಸಿದ ಆಹಾರ ಈ ಎರಡರಲ್ಲಿ ಒಂದು ಕಡೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡುವಿನ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ನಮ್ಮ ಮಾರ್ಚ್-ಏಪ್ರಿಲ್ ಸೆಖೆಯಲ್ಲಿ ಒಂದೇ ಗಂಟೆ ಎಂದಿಟ್ಟುಕೊಳ್ಳುವುದು ಒಳ್ಳೆಯದು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಹಬ್ಬ ವರ್ಷ ವರ್ಷವೂ ಹಿಂದೆ ಸರಿಯುತ್ತದೆ. ಈಗಿನ ಕೆಲವು ವರ್ಷ ಈದುಲ್ ಫಿತ್ರ್ ಬಿರುಬೇಸಿಗೆಗೂ ಬಕ್ರೀದ್ ಮಳೆಗಾಲದ ಬಾಗಿಲಿಗೂ ಬಂದು ನಿಂತಿವೆ. ಚಳಿಗಾಲದ ಹಬ್ಬದಲ್ಲಿ ಉಮ್ಮ ನಡೆಸುತ್ತಿದ್ದ ಪದ್ಧತಿ ಈ ಸೆಖೆಗೆ ಆಗಿಬರುವುದಿಲ್ಲ.

ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರಲ್ಲ, ಅದನ್ನೇ ನಾನು ಮಾಡಿದ್ದು ಎಂದು ಆ ದಿನ ಸಮಾಧಾನ ಹೇಳಿಕೊಂಡಿದ್ದೆ. ನೊಣ, ಜಿರಳೆ, ಧೂಳಿನಿಂದ ಕಾಪಾಡಲು ಮುಚ್ಚಳ ಬೇಕೇ ಬೇಕು. ಆದರೆ ದಪ್ಪ ತಳದ ಪಾತ್ರೆಯಲ್ಲಿ ಐದಾರು ಕಿಲೋ ಬಿಸಿ ಬಿರಿಯಾನಿಗೆ ಮುಚ್ಚಳ ಹಾಕಿಟ್ಟರೆ ಅದರ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಮೊದಲು ಆರಿಸಿ, ಆಮೇಲೆ ಮುಚ್ಚಿ. ಆರಿಸುವುದೆಂದರೆ ಪಾತ್ರೆಯಲ್ಲೇ ಬಿಡುವುದಲ್ಲ. ಅಗಲವಾದ ಹರಿವಾಣ, ಸ್ಟೀಲ್ ತಟ್ಟೆಗಳಲ್ಲಿ ಎರಡು ಇಂಚಿಗಿಂತ ಹೆಚ್ಚು ದಪ್ಪವಾಗದಂತೆ ಹರಡಿ, ಫ್ಯಾನ್ ಕೆಳಗೆ ತೆಳುವಾದ ಬಟ್ಟೆ ಹೊದಿಸಿ ಇಡಿ. ಹಬೆ ಹೋದೊಡನೆ ಚಿಕ್ಕ ಡಬ್ಬಗಳಿಗೆ ತುಂಬಿ ಫ್ರಿಜ್‌ಗೆ ಸೇರಿಸಿ. ಸಾರು, ಕುರ್ಮಾ ಆದರೆ ಪಾತ್ರೆಯನ್ನು ತಣ್ಣೀರಿನ ಬೇಸಿನ್‌ನಲ್ಲಿಟ್ಟು ಆಗಾಗ ಕೈಯಾಡಿಸಿ. ಸ್ವಲ್ಪ ಬೆಚ್ಚಗಿರುವುದನ್ನು ಇಟ್ಟರೆ ಫ್ರಿಜ್ ಕೆಟ್ಟುಹೋಗುತ್ತದೆ ಎಂಬ ಹೆದರಿಕೆ ಬೇಡ, ಚಿಕ್ಕ ಡಬ್ಬಗಳಿಂದ ಹಾಗೇನೂ ಆಗುವುದಿಲ್ಲ. ಅನ್ನವನ್ನು ಮರುದಿನದೊಳಗೆ ಮುಗಿಸಿ. ಬೇಕಾದಷ್ಟನ್ನೇ ತೆಗೆದು ಒಂದೇ ಸಲ, ಚೆನ್ನಾಗಿ ಹಬೆ ಬರುವಂತೆ ಬಿಸಿ ಮಾಡಿ.

ಹಾಗಾದರೆ ಹಬ್ಬದ ದಿನ ಫ್ರಿಜ್‌ನಲ್ಲಿ ಜಾಗ? ತಂಪು ಪಾನೀಯದ ಬಾಟಲಿಗಳನ್ನು ಹೊರಗಿಡಿ. ಅವು ಹೊರಗಿದ್ದರೆ ಯಾರೂ ಸಾಯುವುದಿಲ್ಲ. ಬಕೆಟ್‌ನಲ್ಲಿ ಮಂಜುಗಡ್ಡೆ ಹಾಕಿ ಅವನ್ನಿಡಿ.

ಇನ್ನೊಂದು ಮಾತು ಹೇಳಲೇಬೇಕು. ಉಳಿದದ್ದನ್ನು ಬಿಸಾಡಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಅದು ಸರಿಯೇ, ಅನ್ನ ಅಲ್ಲಾಹನ ಅನುಗ್ರಹ. ಆದರೆ ಇಸ್ರಾಫ್ ಆಗುವುದು ಬಿಸಾಡುವ ಗಳಿಗೆಯಲ್ಲಲ್ಲ, ಹತ್ತು ಜನರಿಗೆ ಇಪ್ಪತ್ತು ಜನರ ಅಕ್ಕಿ ನೆನೆಹಾಕುವ ಗಳಿಗೆಯಲ್ಲಿ. ನಮ್ಮ ಮನೆಯಲ್ಲಿ ಈಗ ಒಂದು ಕಿಲೋ ಅಕ್ಕಿಗೆ ಎಂಟು ದೊಡ್ಡವರು ಎಂದು ಲೆಕ್ಕ. ಬೇಕೆಂದರೆ ಮೇಲೆ ಒಂದು ಹಿಡಿ. ಕೊನೆಗೆ ಎರಡು ಮೂರು ದಿನದ ಹಳೆಯ ಬಿರಿಯಾನಿಯನ್ನು ತಿಂದು ಮುಗಿಸುವವರು ಯಾರು? ಗಂಡಸರಿಗೆ, ಮಕ್ಕಳಿಗೆ ಹೊಸ ಅಡುಗೆ ಬಡಿಸಿ, ಅಡುಗೆಮನೆಯ ಮೂಲೆಯಲ್ಲಿ ಕೂತು ತಂಗಳನ್ನು ತಿನ್ನುವವಳು ನೀವೇ ಅಲ್ಲವೇ ಸಹೋದರಿ? ನಿಮ್ಮ ಹೊಟ್ಟೆ ಕಸದ ಬುಟ್ಟಿಯಲ್ಲ. ಕೆಲಸದಾಕೆಯ ಹೊಟ್ಟೆಯೂ ಅಲ್ಲ. ಕೊಡುವುದಿದ್ದರೆ ದಮ್ ತೆರೆದ ಕೂಡಲೇ ಬಿಸಿಬಿಸಿಯಾಗಿ ನೆರೆಮನೆಗೆ, ಬಡವರಿಗೆ ಮೊದಲು ತೆಗೆದಿಡಿ. ನಾವು ತಿನ್ನಲು ಹಿಂಜರಿಯುವುದನ್ನು ಮರುದಿನ ಬೆಳಿಗ್ಗೆ ದಾನವೆಂದು ಕೊಡಬೇಡಿ.

ಬಕ್ರೀದ್ ಮಾಂಸದ ಕಥೆ ಬೇರೆ. ಖುರ್ಬಾನಿಯ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಪ್ರವಾದಿ(ಸ) ಒಮ್ಮೆ ತಡೆದಿದ್ದರು. ಆ ವರ್ಷ ಊರಿಗೆ ಬಂದಿದ್ದ ಬಡವರಿಗೆ ಅದು ತಲುಪಲಿ ಎಂದು. ಮುಂದೆ ತಿನ್ನಿ, ಹಂಚಿ, ಕೂಡಿಡಿ ಎಂದು ಅನುಮತಿ ಕೊಟ್ಟರು. ಕೂಡಿಡುವ ಅನುಮತಿಯಿದೆ, ಕೆಡಿಸುವುದಕ್ಕಲ್ಲ. ಹತ್ತು ಕಿಲೋ ಬೆಚ್ಚಗಿನ ಮಾಂಸವನ್ನು ಒಂದೇ ಚೀಲದಲ್ಲಿ ಫ್ರೀಜರ್‌ಗೆ ತುರುಕಿದರೆ ನಡುವಿನದ್ದು ಹೆಪ್ಪುಗಟ್ಟಲು ಬಹಳ ಹೊತ್ತು ಬೇಕು, ಅಷ್ಟರಲ್ಲಿ ಕೆಡಬಹುದು. ಅರ್ಧ ಕಿಲೋದಂತೆ ಚಪ್ಪಟೆ ಪೊಟ್ಟಣ ಮಾಡಿ, ತಾರೀಕು ಬರೆದು, ನಡುವೆ ತಂಪು ಆಡುವಂತೆ ಇಡಿ. ಹಂಚಲು ಕಪ್ಪು ಪ್ಲಾಸ್ಟಿಕ್ ಚೀಲ ಬಳಸಬೇಡಿ. ಕರಗಿಸುವುದು ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿ, ತಟ್ಟೆಯ ಮೇಲಿಟ್ಟು, ಹಿಂದಿನ ರಾತ್ರಿಯೇ. ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಹಸಿ ಮಾಂಸದ ರಕ್ತನೀರು ಶೀರ್ ಖುರ್ಮಾದ ಪಾತ್ರೆಗೋ ಸಲಾಡಿಗೋ ತೊಟ್ಟಿಕ್ಕಿದರೆ ಅಷ್ಟೇ ಸಾಕು. ಮಳೆಗಾಳಿಗೆ ಕರೆಂಟ್ ಹೋದರೆ ಫ್ರಿಜ್‌ನ ಬಾಗಿಲು ತೆರೆಯಬೇಡಿ. ಮುಚ್ಚಿದ್ದರೆ ನಾಲ್ಕು ಗಂಟೆಯಷ್ಟು ಹೊತ್ತು ತಂಪು ಉಳಿಯುತ್ತದೆ.

ಮಕ್ಕಳಿಗೆ ಹಬ್ಬದ ಸಂಜೆ ಹೊರಗಿನ ತಿಂಡಿಯೇ ಬೇಕು. ಬೇಡವೆಂದರೆ ಕೇಳುತ್ತಾರೆಯೇ? ಕರೆದುಕೊಂಡು ಹೋಗಿ, ಆದರೆ ಕಣ್ಣು ತೆರೆದಿಟ್ಟುಕೊಳ್ಳಿ. ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮಾ ತಿಂದ ಹದಿಹರೆಯದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ತಿರುಗುವ ಕಂಬದ ಮಾಂಸದ ಹೊರಪದರ ಮಾತ್ರ ಬೆಂದಿರುತ್ತದೆ. ಜನ ಹೆಚ್ಚಾದಾಗ ಬೇಯುವ ಮೊದಲೇ ಒಳಪದರವನ್ನೂ ಕತ್ತರಿಸುತ್ತಾರೆ. ಹಬ್ಬದ ರಾತ್ರಿಯೇ ಜನ ಹೆಚ್ಚು! ಗುಲಾಬಿ ಬಣ್ಣ ಕಂಡರೆ ಹಿಂತಿರುಗಿಸಿ, ನಾಚಿಕೆ ಬೇಡ. ಜೊತೆಗೆ ಕೊಡುವ ಮಯೋನೈಸ್ ಹಸಿ ಮೊಟ್ಟೆಯದ್ದಾದರೆ ಸಾಲ್ಮೊನೆಲ್ಲಾ ಭಯ. ಅದಕ್ಕೇ ಕೇರಳ 2023ರ ಆರಂಭದಲ್ಲಿ, ತೆಲಂಗಾಣ 2024ರಲ್ಲಿ ಹಸಿ ಮೊಟ್ಟೆಯ ಮಯೋನೈಸ್ ನಿಷೇಧಿಸಿದವು. ಮನೆಯಲ್ಲಿ ಮಾಡುವಾಗಲೂ ಹಸಿ ಮೊಟ್ಟೆ ಬೇಡ, ಗಟ್ಟಿ ಮೊಸರಿಗೆ ಬೆಳ್ಳುಳ್ಳಿ ಅರೆದು ಹಾಕಿದರೆ ಮಕ್ಕಳಿಗೆ ವ್ಯತ್ಯಾಸ ತಿಳಿಯದು. ಕೆಂಡದಂತೆ ಕೆಂಪಾದ ಕಬಾಬೂ ಬೇಡ. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ. ಬ್ಯಾಡಗಿ ಮೆಣಸು ಕೊಡುವ ಕೆಂಪು ನಮಗೆ ಸಾಲದೇ?

ಬೀಚಿಗೆ, ಪಾರ್ಕಿಗೆ ಬುತ್ತಿ ಒಯ್ಯುವುದಿದ್ದರೆ ಅದೇ ಬೆಳಿಗ್ಗೆ ಮಾಡಿದ್ದು ಇರಲಿ. ತೆಳ್ಳನೆಯ ಪತ್ತಿರ್ ಅಥವಾ ಚಪಾತಿ, ತೆಂಗಿನಕಾಯಿ ಹಾಕದ ಒಣ ಚಿಕನ್ ಫ್ರೈ, ಸಿಪ್ಪೆ ಸುಲಿಯದ ಬೇಯಿಸಿದ ಮೊಟ್ಟೆ, ಖರ್ಜೂರ, ಇಡೀ ಹಣ್ಣುಗಳು. ಕಾಯಿ ಚಟ್ನಿ, ಮೊಸರಿನ ಸಲಾಡ್ ಮನೆಯಲ್ಲೇ ಉಳಿಯಲಿ. ಬಿರಿಯಾನಿ ಬೇಕೇ ಬೇಕೆಂದರೆ ಹಾಟ್ ಬಾಕ್ಸ್‌ಗೆ ಮೊದಲು ಕುದಿನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ದಮ್‌ನಿಂದ ನೇರವಾಗಿ ತುಂಬಿಸಿ. ಅಲ್ಲಿ ಹೋಗಿ ತೆರೆದಾಗ ಮುಖಕ್ಕೆ ಹಬೆ ಹೊಡೆಯಬೇಕು. ಹೊಡೆಯದಿದ್ದರೆ ಎರಡು ಗಂಟೆಯ ಗಡಿಯಾರ ದಾರಿಯಲ್ಲೇ ಓಡಲು ಶುರುವಾಗಿದೆ ಎಂದು ತಿಳಿಯಿರಿ. ತಂಪಾಗಿರಬೇಕಾದ ಪದಾರ್ಥಗಳಿಗೆ ದುಬಾರಿ ಪೆಟ್ಟಿಗೆ ಬೇಡ, ಮೀನಿನವರ ಬಳಿಯಿರುವಂಥ ಥರ್ಮೊಕೋಲ್ ಪೆಟ್ಟಿಗೆ ಹೊಸದೊಂದನ್ನು ತಂದು ಮಂಜುಗಡ್ಡೆ ತುಂಬಿದರೆ ಸಾಕು. ಕೈ ತೊಳೆಯಲು ಸೋಪು ಮತ್ತು ಒಂದು ಕ್ಯಾನ್ ನೀರನ್ನು ಮರೆಯಬೇಡಿ. ಮರಳಿನಲ್ಲಿ ಆಡಿದ ಕೈಯನ್ನು ಟಿಶ್ಯೂ ಪೇಪರ್‌ನಿಂದ ಒರೆಸುವುದು ತೊಳೆದಂತಲ್ಲ.

ಇಷ್ಟಾಗಿಯೂ ಯಾರಿಗಾದರೂ ವಾಂತಿ ಭೇದಿ ಶುರುವಾದರೆ ಮೊದಲ ಔಷಧಿ ನೀರು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಳತೆ ಬೇಡ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ನೀವಾಗಿ ಕೊಡಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದದ್ದೆಲ್ಲ ಹೊರಬರುವುದು, ಆರು ಗಂಟೆ ಮೂತ್ರವಿಲ್ಲದಿರುವುದು, ಮಗು ಕಣ್ಣೀರಿಲ್ಲದೆ ಅಳುವುದು ಅಥವಾ ಮಂಕಾಗಿ ಮಲಗಿರುವುದು, ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಬೇಗ ಬಸವಳಿಯುತ್ತಾರೆ. ಸಕ್ಕರೆ ಕಾಯಿಲೆಗೆ, ಬಿಪಿಗೆ ಮಾತ್ರೆ ನುಂಗುವವರು ಆ ದಿನ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ಅವತ್ತೇ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು. ನಮ್ಮ ಮಾಮಿ ಎಂದಿನಂತೆ ಎಲ್ಲ ಮಾತ್ರೆಗಳನ್ನೂ ನುಂಗಿದ್ದರು. ತಲೆ ಸುತ್ತಲು ಅದೂ ಒಂದು ಕಾರಣವಿರಬಹುದು ಎಂದರು ವೈದ್ಯರು.

ಕಳೆದ ಹಬ್ಬಕ್ಕೆ ಮತ್ತೆ ಮಲ್ಪೆಗೆ ಹೋಗಿದ್ದೆವು, ಅದೇ ಹನ್ನೊಂದು ಜನ. ಮಾಮಿ ಕಾರಿನಿಂದ ಇಳಿದವರೇ ಹಾಟ್ ಬಾಕ್ಸ್‌ನ ಮುಚ್ಚಳ ತಾವೇ ತೆಗೆದು ಹಬೆ ನೋಡಿದರು. "ಇದು ಇವತ್ತಿನದ್ದೇ ಮೋಳೆ?" ಎಂದು ಎರಡು ಸಲ ಕೇಳಿದರು. ಆಮೇಲೆ ತಟ್ಟೆ ಹಿಡಿದರು.